ಮೆಟ್ಟಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಬೆಂಗಳೂರಿನಲ್ಲಿ ಮನೆ ಬದಲಿಸಲು ಹೊರಟಿರುವ ಬಾಡಿಗೆದಾರ ಬಂಧುಗಳೇ,



ಆಷಾಢ ಹತ್ತಿರವಾಗುತ್ತಿದ್ದಂತೆ ನಮ್ಮೂರಿನ ಸಣ್ಣ ಸರಕು ಗಾಡಿಗಳಿಗೆ ಪುರುಸೊತ್ತೇ ಇರುವುದಿಲ್ಲ. ಅಮಾವಾಸ್ಯೆಯೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಿಬಿಡಬೇಕು, ಇಲ್ಲದಿದ್ದರೆ ಒಂದು ತಿಂಗಳು ಕಾಯಬೇಕು ಎಂಬ ಅವಸರ ಎಲ್ಲರಿಗೂ. ಶ್ರಾವಣ ಹುಟ್ಟಿದ ಕೂಡಲೇ ಮತ್ತೆ ಅದೇ ನೂಕುನುಗ್ಗಲು. ಇದರ ಜೊತೆಗೆ ಮಕ್ಕಳ ಬೇಸಿಗೆ ರಜೆ, ತಿಂಗಳ ಕೊನೆಯ ಭಾನುವಾರ. ನಾವೆಲ್ಲ ನೋಡುವ ಒಳ್ಳೆಯ ದಿನ ಒಂದೇ ಆಗಿರುವುದರಿಂದ ಆ ದಿನ ಗಾಡಿ ಬಾಡಿಗೆ ಏರುತ್ತದೆ. ಏರಿದ ಬಾಡಿಗೆ ಕೇಳಿ ನಮಗೆ ಸಿಟ್ಟು ಬರುತ್ತದೆ, ಗಾಡಿಯವರು ಸುಲಿಗೆಗೆ ನಿಂತಿದ್ದಾರೆ ಅನ್ನಿಸುತ್ತದೆ. ಆ ಸಿಟ್ಟು ಎಷ್ಟು ನ್ಯಾಯದ್ದು ಎಂದು ನಿಮ್ಮೊಡನೆ ಕೂತು ಲೆಕ್ಕ ಹಾಕಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನೂ ಬಾಡಿಗೆ ಮನೆಯವಳೇ. ಮದುವೆಯಾಗಿ ಬೆಂಗಳೂರಿಗೆ ಬಂದಾಗಿನಿಂದ ಶ್ರೀರಾಂಪುರ, ರಾಜಾಜಿನಗರ, ಕಾಮಾಕ್ಷಿಪಾಳ್ಯ ಎಂದು ಸುತ್ತಿ ಈಗ ಲಗ್ಗೆರೆಯಲ್ಲಿದ್ದೇನೆ. ಮೊದಮೊದಲು ಸಾಮಾನು ಬರುತ್ತಿದ್ದುದು ಮೆಟಡೋರಿನಲ್ಲಿ, ಸಾಮಾನು ಕಡಿಮೆಯಿದ್ದರೆ ಲಗೇಜ್ ಆಟೊದಲ್ಲಿ. 2005ರಲ್ಲಿ ಟಾಟಾ ಏಸ್ ಬಂತು. ಸಣ್ಣ ಗಲ್ಲಿಗೂ ನುಗ್ಗುವ ನಾಲ್ಕು ಚಕ್ರದ ಗಾಡಿ. ಅಲ್ಲಿಂದೀಚೆಗೆ ನಮ್ಮಂಥವರ ಮನೆ ಸಾಮಾನೆಲ್ಲ ಬಹುಮಟ್ಟಿಗೆ ಅದರಲ್ಲೇ ಊರು ಸುತ್ತುತ್ತಿದೆ. ಈಗ ನಾವಿರುವ ವಠಾರದಲ್ಲಿ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯವರು ಏಸ್ ಓಡಿಸುತ್ತಾರೆ. ತಿಪಟೂರು ಕಡೆಯವರು. ಗಾಡಿ ಸ್ವಂತದ್ದು, ಸಾಲದ ಮೇಲೆ ತೆಗೆದದ್ದು. ಅವರ ಹೆಂಡತಿ ಪ್ರತಿ ರಾತ್ರಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಂದಿನ ಲೆಕ್ಕ ಬರೆದಿಡುತ್ತಾರೆ. ತಿಂಗಳ ಕೊನೆಗೆ "ಅಕ್ಕಾ, ಒಂದ್ಸಲ ಕೂಡಿ ನೋಡಿ" ಎಂದು ನನ್ನ ಕೈಗೆ ಕೊಡುತ್ತಾರೆ. ನಾನು ಹೇಳಬೇಕಾದ ಮಾತಿನ ಮುಕ್ಕಾಲು ಪಾಲು ಆ ನೋಟ್‌ಬುಕ್ಕಿನಿಂದ ಬಂದದ್ದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಗಾಡಿಗೆ ಫೋನ್ ಮಾಡಿದಾಗ ನಾವು ಕೇಳುವ ಮೊದಲ ಪ್ರಶ್ನೆ, "ಲಗ್ಗೆರೆಯಿಂದ ಕೆಂಗೇರಿಗೆ ಎಷ್ಟಾಗುತ್ತೆ?" ದೂರ ಹೇಳುತ್ತೇವೆ, ದರ ಕೇಳುತ್ತೇವೆ, ನೂರಿನ್ನೂರು ಇಳಿಸುತ್ತೇವೆ, ಫೋನ್ ಇಡುತ್ತೇವೆ. ಮನೆ ಎಷ್ಟನೇ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ, ಗಾಡಿ ಬಾಗಿಲ ತನಕ ಬರುತ್ತದೆಯೇ, ಮಂಚ ಬಿಚ್ಚಿಟ್ಟಿದ್ದೇವೆಯೇ, ಹೊಸ ಮನೆ ಎಷ್ಟನೇ ಮಹಡಿ, ಇವು ಯಾವುವೂ ಮಾತಿಗೆ ಬರುವುದಿಲ್ಲ. ಬಂದರೂ "ಸ್ವಲ್ಪ ಸಾಮಾನು ಅಷ್ಟೇ, ಬೇಗ ಮುಗಿಯುತ್ತೆ" ಎಂದು ತೇಲಿಸಿಬಿಡುತ್ತೇವೆ. ಆದರೆ ಮನೆ ಬದಲಿಸುವ ಕೆಲಸದಲ್ಲಿ ರಸ್ತೆಯ ಮೇಲಿನ ಓಟ ಒಂದು ಒಂದೂವರೆ ಗಂಟೆಯದು. ಉಳಿದ ಹೊತ್ತೆಲ್ಲ ಮೆಟ್ಟಿಲಿನದು. ಬೆಳಿಗ್ಗೆ ಎಂಟಕ್ಕೆ ಬಂದ ಗಾಡಿ ಹೊಸ ಮನೆಯ ಮುಂದೆ ಖಾಲಿಯಾಗುವ ಹೊತ್ತಿಗೆ ಮಧ್ಯಾಹ್ನ ಮೂರೋ ನಾಲ್ಕೋ ಆಗಿರುತ್ತದೆ. ಆ ದಿನ ಆ ಗಾಡಿಗೆ ಇನ್ನೊಂದು ಬಾಡಿಗೆ ಸಿಗುವುದು ಕಷ್ಟ. ಕೊಡುವಾಗ ಮಾತ್ರ ನಾವು ಕಿಲೋಮೀಟರಿಗೆ ಲೆಕ್ಕ ಕಟ್ಟಿ ಕೊಡುತ್ತೇವೆ.

ನೋಟ್‌ಬುಕ್ಕಿನ ಒಂದು ಪುಟವನ್ನೇ ತೆಗೆದುಕೊಳ್ಳಿ. ಗಾಡಿಗೆ ಮಾತ್ರ, ಆಳಿನ ಕೂಲಿ ಬಿಟ್ಟು, 1,500 ರೂಪಾಯಿ ಬಾಡಿಗೆ. ಸ್ಟ್ಯಾಂಡಿನಿಂದ ಹಳೆಯ ಮನೆಗೆ, ಅಲ್ಲಿಂದ ಹೊಸ ಮನೆಗೆ, ಅಲ್ಲಿಂದ ಖಾಲಿ ಗಾಡಿಯಲ್ಲಿ ವಾಪಸ್ಸು, ಎಲ್ಲ ಸೇರಿ ನಲವತ್ತು ಕಿಲೋಮೀಟರ್ ಆಸುಪಾಸು. ಹೊರೆ ಹೊತ್ತು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿದರೆ ಅವರ ಗಾಡಿ ಲೀಟರಿಗೆ ಹದಿನೈದು ಕೊಟ್ಟರೆ ಹೆಚ್ಚು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ಇಲ್ಲಿ ಲೀಟರಿನ ಬೆಲೆ 91 ರೂಪಾಯಿಗೆ ಮುಟ್ಟಿತು. ಆ ಲೆಕ್ಕದಲ್ಲಿ ಡೀಸೆಲ್ಲಿಗೆ ಸುಮಾರು 250. ಗಾಡಿಯ ಸಾಲದ ಕಂತು ತಿಂಗಳಿಗೆ ಹನ್ನೆರಡು ಸಾವಿರ. ತಿಂಗಳಲ್ಲಿ ಇಪ್ಪತ್ತೈದು ದಿನ ಬಾಡಿಗೆ ಸಿಕ್ಕಿತು ಎಂದುಕೊಂಡರೂ ದಿನಕ್ಕೆ 480.

ವಿಮೆಯ ವಿಷಯ ನನಗೆ ಗೊತ್ತೇ ಇರಲಿಲ್ಲ, ನೋಟ್‌ಬುಕ್ ನೋಡಿ ಗೊತ್ತಾಯಿತು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಏಳೂವರೆ ಟನ್ ಒಟ್ಟು ತೂಕದ ಒಳಗಿನ ಸರಕು ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 16,049 ರೂಪಾಯಿ. ಮುಕ್ಕಾಲು ಟನ್ ಹೊರುವ ಏಸ್ ಗಾಡಿಯದೂ ಅದೇ ಸಾಲು, ಅದಕ್ಕಿಂತ ಎಷ್ಟೋ ದೊಡ್ಡ ಕ್ಯಾಂಟರಿನದೂ ಅದೇ ಸಾಲು. ನಮ್ಮ ನಿಮ್ಮ ಮನೆಯ ಮಧ್ಯಮ ಗಾತ್ರದ ಕಾರಿಗೆ ಅದೇ ಪಟ್ಟಿಯಲ್ಲಿ 3,416. ವಿಮೆಯ ಆ ಹಣವನ್ನು ದುಡಿಯುವ ದಿನಗಳಿಗೆ ಹಂಚಿದರೆ ದಿನಕ್ಕೆ ಐವತ್ತಕ್ಕೂ ಮೇಲೆ. ಇಷ್ಟು ಕಳೆದರೆ 1,500ರಲ್ಲಿ ಉಳಿಯುವುದು ಏಳುನೂರ ಚಿಲ್ಲರೆ. ಟೈರು, ಸರ್ವಿಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು), ರಸ್ತೆ ತೆರಿಗೆ ಇವೆಲ್ಲ ಹೋಗಬೇಕಾದದ್ದು ಆ ಏಳುನೂರರಲ್ಲೇ. ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಎಫ್‌ಸಿಗೆ ಪ್ರತಿ ವರ್ಷ ನಿಲ್ಲಿಸಬೇಕು. ನಿಲ್ಲಿಸಿದ ದಿನ ದುಡಿಮೆಯಿಲ್ಲ. ಇನ್ನು ಆಷಾಢದ ತಿಂಗಳಲ್ಲಿ ಇಪ್ಪತ್ತೈದು ಬಾಡಿಗೆ ಎಲ್ಲಿಂದ ಬರಬೇಕು? ಕಂತು ಕಟ್ಟಿಸಿಕೊಳ್ಳುವ ಬ್ಯಾಂಕಿಗೆ ಆಷಾಢವಿಲ್ಲ. ಆಷಾಢಕ್ಕೆ ಮುಂಚೆ ಏರಿದ ಬಾಡಿಗೆಯಲ್ಲಿ ಆ ಖಾಲಿ ತಿಂಗಳ ಪಾಲೂ ಇದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಈ ಲೆಕ್ಕದಲ್ಲಿ ಡೀಸೆಲ್ ಸಣ್ಣ ಪಾಲು. ದೊಡ್ಡ ಪಾಲು ಆ ದಿನದ್ದು. ಗಾಡಿ ನಮ್ಮ ಬಾಗಿಲಲ್ಲಿ ನಿಂತಷ್ಟು ಹೊತ್ತು ಅದರ ಕಂತು, ವಿಮೆ, ಚಾಲಕನ ದುಡಿಮೆ ಎಲ್ಲವೂ ನಮ್ಮ ಬಾಗಿಲಲ್ಲೇ ನಿಂತಿರುತ್ತವೆ. ಆದ್ದರಿಂದ "ಅಷ್ಟು ಹತ್ತಿರಕ್ಕೆ ಇಷ್ಟೊಂದಾ?" ಎಂಬ ನಮ್ಮ ವಾದಕ್ಕೆ ಬುಡವಿಲ್ಲ. ಪಕ್ಕದ ಬೀದಿಗೆ ಹೋದರೂ ಬೀರು ಮೂರು ಮಹಡಿ ಇಳಿಯಲೇಬೇಕು.

ಬೀರು ಇಳಿಸುವುದನ್ನು ಹತ್ತಿರ ನಿಂತು ನೋಡಿದ್ದೀರಾ? ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಮಹಡಿ, ಹೊರಗಡೆಯಿಂದ ಹತ್ತುವ ಎರಡೂವರೆ ಅಡಿ ಅಗಲದ ಮೆಟ್ಟಿಲು, ತಿರುವಿನಲ್ಲಿ ಒಂದು ಕಬ್ಬಿಣದ ಕಂಬಿ. ಮೊನ್ನೆ ನಮ್ಮ ಎದುರು ಮನೆಯವರು ಖಾಲಿ ಮಾಡಿದರು. ಇಬ್ಬರು ಆಳು ಬಂದಿದ್ದರು. ಬೀರುವಿನ ಸುತ್ತ ಹಗ್ಗ ಬಿಗಿದು, ಟವೆಲ್ಲನ್ನು ಸಿಂಬೆ ಮಾಡಿ ಹೆಗಲಿಗಿಟ್ಟುಕೊಂಡು ಒಬ್ಬ ಕೆಳಗೆ, ಒಬ್ಬ ಮೇಲೆ. ಕೆಳಗಿನವನು ಹಿಂದುಹಿಂದಕ್ಕೆ ಇಳಿಯಬೇಕು, ಕಾಲಿಡುವ ಮೆಟ್ಟಿಲು ಅವನಿಗೆ ಕಾಣುವುದಿಲ್ಲ. "ಬಿಡು... ಬಿಡು... ನಿಲ್ಲು" ಎಂದು ಮೇಲಿನವನು ಹೇಳುತ್ತಿದ್ದ. ತಿರುವಿನಲ್ಲಿ ಬೀರು ತಿರುಗಲಿಲ್ಲ. ಅದನ್ನು ಗೋಡೆಗೆ ಒರಗಿಸಿ, ಕೆಳಗಿನವನು ಮೊಣಕಾಲನ್ನು ಅದಕ್ಕೆ ಕೊಟ್ಟು ತಡೆದು, ಮೇಲಿನವನು ಕಂಬಿಯ ಮೇಲಿನಿಂದ ಅದರ ತಲೆ ಎತ್ತಿ ಹಾಯಿಸುವಷ್ಟರಲ್ಲಿ ಇಬ್ಬರ ಕುತ್ತಿಗೆಯ ನರ ಉಬ್ಬಿ ನಿಂತಿತ್ತು. ಮನೆಯ ಯಜಮಾನರು ಮೇಲಿನಿಂದ ಬಗ್ಗಿ ಕೂಗಿದ್ದು ಒಂದೇ ಮಾತು: "ಹುಷಾರಪ್ಪಾ, ಕನ್ನಡಿ ಇದೆ ಅದರಲ್ಲಿ."

ಬೀರು ಒಂದೇ ಅಲ್ಲ. ಈಗ ಬಹಳ ಮನೆಗಳಲ್ಲಿ ಇರುವ, ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ನಿನ ಒಳಗೆ ಅದು ಅಲುಗಾಡದಿರಲೆಂದು ಕಾಂಕ್ರೀಟ್ ಕಲ್ಲು ಕೂರಿಸಿರುತ್ತಾರೆ. ಒಂದೊಂದು ಮೆಷಿನ್ ಅರವತ್ತು ಕೆಜಿಗೂ ಮೇಲೆ ತೂಗುತ್ತದೆ. ವಯಸ್ಕ ಗಂಡಾಳು ಒಬ್ಬ ಕೈಯಲ್ಲಿ ಹೊರಬಹುದಾದ ಭಾರ 55 ಕೆಜಿ ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಷ್ಟು ಹಿಂದೆಯೇ ಶಿಫಾರಸು ಮಾಡಿದೆ. ಇಬ್ಬರು ಹಿಡಿದಿದ್ದಾರಲ್ಲ ಎನ್ನಬೇಡಿ. ಸಮ ನೆಲದಲ್ಲಿ ಭಾರ ಇಬ್ಬರಿಗೂ ಹಂಚಿಹೋಗುತ್ತದೆ, ಮೆಟ್ಟಿಲಿನಲ್ಲಿ ಅದು ಕೆಳಗಿನವನ ಮೇಲೆ ವಾಲುತ್ತದೆ. ಆ ಕೆಳಗಿನವನ ದಿನದ ಕೂಲಿಯಲ್ಲಿ ನೂರು ರೂಪಾಯಿ ಇಳಿಸುವುದನ್ನು ನಾವು ಜಾಣತನವೆಂದು ತಿಳಿದಿದ್ದೇವೆ.

ಒಂದು ಮಾತು ನೇರವಾಗಿ ಕೇಳಬೇಕೆನ್ನಿಸುತ್ತದೆ. ಮನೆ ಬಿಡುವಾಗ ಓನರು ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನೇ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ನಾವು ಸುಮ್ಮನಿರುತ್ತೇವೆ. ಹೊಸ ಮನೆಯ ಬ್ರೋಕರಿಗೆ ಇನ್ನೊಂದು ತಿಂಗಳ ಬಾಡಿಗೆ ಎಣಿಸುತ್ತೇವೆ. ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡವೆಂದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೂ ಐದು, ಆರು, ಕೆಲವು ಕಡೆ ಹತ್ತು ತಿಂಗಳ ಅಡ್ವಾನ್ಸನ್ನು ನಾವು ಸಾಲ ಮಾಡಿ ಕಟ್ಟುತ್ತೇವೆ. ಅಲ್ಲೆಲ್ಲ ಏಳದ ದನಿ ಗಾಡಿಯವನ ಮುಂದೆ ಏಳುತ್ತದೆ, ಏಕೆಂದರೆ ಈ ಇಡೀ ವ್ಯವಹಾರದಲ್ಲಿ ನಮಗಿಂತ ಬಡವ ಅವನೊಬ್ಬನೇ. ದೊಡ್ಡ ಮೊತ್ತ ಬಿಟ್ಟುಕೊಟ್ಟ ಸಂಕಟವನ್ನು ಸಣ್ಣ ಮೊತ್ತದಲ್ಲಿ ತೀರಿಸಿಕೊಳ್ಳುತ್ತೇವೆ. ನಮ್ಮ ಕೈಯೂ ಆ ಹೊತ್ತಿಗೆ ಬರಿದಾಗಿರುತ್ತದೆ, ಅದು ನನಗೆ ಗೊತ್ತಿದೆ. ಆ ತಿಂಗಳು ಹಾಲಿನವರಿಗೆ ಕೊಡುವುದಕ್ಕೂ ಹಿಂದುಮುಂದು ನೋಡುವ ಮನೆಗಳನ್ನು ಬಲ್ಲೆ. ಅದಕ್ಕೇ ಹೇಳುತ್ತಿದ್ದೇನೆ: ಮನೆ ಬದಲಿಸುವ ಖರ್ಚು ಎಂದು ಅಡ್ವಾನ್ಸಿನ ಜೊತೆಜೊತೆಗೇ ಗಾಡಿ ಮತ್ತು ಆಳಿನ ಹಣವನ್ನೂ ಎತ್ತಿಡಿ. ಕೊನೆಗೆ ಉಳಿದದ್ದರಲ್ಲಿ ಅವರಿಗೆ ಕೊಡುವ ಹಾಗಾಗಬಾರದು.

ಅತಿ ಕಡಿಮೆ ಹೇಳಿದವರನ್ನು ಹಿಡಿಯುವುದು ನಮಗೂ ಕ್ಷೇಮವಲ್ಲ. ನಮ್ಮ ಬಂಧುಗಳೊಬ್ಬರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವಾಗ ನಾಲ್ಕು ಕಡೆ ವಿಚಾರಿಸಿ, ಎಲ್ಲರಿಗಿಂತ ಬಹಳ ಕಡಿಮೆ ಹೇಳಿದ ಪ್ಯಾಕರ್ಸ್‌ನವರಿಗೆ ಒಪ್ಪಿಸಿದರು. ಸಾಮಾನು ಲಾರಿಗೆ ಏರಿತು. ಇಲ್ಲಿಗೆ ಬಂದ ಮೇಲೆ ಲೋಡಿಂಗ್ ಬೇರೆ, ಮಹಡಿಗೆ ಬೇರೆ, ತೆರಿಗೆ ಬೇರೆ ಎಂದು ಒಪ್ಪಿದ ದರದ ಎರಡರಷ್ಟಕ್ಕೆ ಬೇಡಿಕೆಯಿಟ್ಟು, ಕೊಡುವ ತನಕ ಲಾರಿಯ ಬಾಗಿಲು ತೆಗೆಯಲಿಲ್ಲ. ಮಕ್ಕಳ ಪುಸ್ತಕ, ಅಜ್ಜಿಯ ಮಾತ್ರೆ ಎಲ್ಲವೂ ಒಳಗೆ. ಕೊಟ್ಟರು, ಮತ್ತೇನು ಮಾಡಿಯಾರು? ಇಂಥ ಕಡೆ ಕೈಯಲ್ಲಿ ಕಾಗದ ಇರಬೇಕು. ರಸ್ತೆ ಮೂಲಕ ಸರಕು ಸಾಗಿಸುವವರಿಗೆ 2007ರ ಒಂದು ಕೇಂದ್ರ ಕಾಯ್ದೆಯೇ ಇದೆ. ಸಾಮಾನಿನ ವಿವರ, ಅದರ ಬೆಲೆ ನಾವು ಬರೆದುಕೊಡಬೇಕು, ಅವರು ರಸೀದಿ ಕೊಡಬೇಕು. ಊರಿಂದ ಊರಿಗೆ ಹೋಗುವವರು ರಸೀದಿಯಿಲ್ಲದೆ ಒಂದು ಚಾಪೆಯನ್ನೂ ಲಾರಿಗೆ ಹಾಕಬೇಡಿ. ನ್ಯಾಯವಾದ ದರವನ್ನು ಮೊದಲೇ ಹೇಳುವವನು ಕೊನೆಯಲ್ಲಿ ಕೊರಳು ಹಿಡಿಯುವುದು ಅಪರೂಪ. ನಾವು ಹಿಂಡಿ ಇಳಿಸಿದ ದರ ಎಲ್ಲಿಯೋ ಒಂದು ಕಡೆ ಮತ್ತೆ ಏರಿಯೇ ಏರುತ್ತದೆ, ಗಾಜು ಒಡೆಯುವ ಅವಸರವಾಗಿಯೋ, ಮನೆ ಬಾಗಿಲಿನ ಜಗಳವಾಗಿಯೋ.

ಆ್ಯಪ್‌ನಲ್ಲಿ ಗಾಡಿ ಕರೆಸುವವರಿಗೂ ಒಂದು ಮಾತು. ಅಲ್ಲಿ ಮೊದಲು ಕಾಣುವ ದರ ಬಹುತೇಕ ಗಾಡಿಯದು ಮಾತ್ರ. ಹೆಲ್ಪರ್ ಬೇಕೆಂದರೆ ಅದಕ್ಕೆ ಬೇರೆ ಒತ್ತಬೇಕು. ಒತ್ತದೆ ಕರೆಸಿ, ಬಂದ ಚಾಲಕನಿಗೆ "ಸ್ವಲ್ಪ ಕೈ ಹಾಕಿ ಅಣ್ಣಾ" ಎಂದರೆ ಅವನು ಇಲ್ಲವೆನ್ನಲಾರ. ರೇಟಿಂಗ್ ನಮ್ಮ ಕೈಯಲ್ಲಿದೆಯಲ್ಲ. ಹಾಗೆ ಕೈ ಹಾಕಿಸಿಕೊಂಡರೆ ಆ ಕೈಗೆ ಕೂಲಿ ಕೊಡಿ. ಆ್ಯಪ್ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ತಂದಿದೆ. ಪ್ರತಿ ಕೆಲಸದಲ್ಲಿ ಅವರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ, ಸರಕು ಸಾಗಣೆಯೂ ಅದರೊಳಗಿದೆ. ಒಳ್ಳೆಯ ಹೆಜ್ಜೆ. ಆದರೆ ಹಳೆಯ ಗಿರಾಕಿಗಳ ಫೋನ್ ನಂಬಿಕೊಂಡು ಸ್ಟ್ಯಾಂಡಿನಲ್ಲಿ ನಿಲ್ಲುವ ನಮ್ಮ ಪಕ್ಕದ ಮನೆಯವರಿಗೆ, ಅವರ ಜೊತೆ ಬರುವ ಆಳುಗಳಿಗೆ ಆ ಕಾನೂನು ತಗಲುವುದಿಲ್ಲ. ಅವರ ಮಟ್ಟಿಗೆ ಇರುವುದು ನಿಮ್ಮ ನಮ್ಮ ಮಾತು ಅಷ್ಟೇ.

ಆದ್ದರಿಂದ ನನ್ನ ಕೆಲವು ವಿನಂತಿಗಳನ್ನು ದಯವಿಟ್ಟು ಕೇಳಿ.

ಗಾಡಿಗೆ ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಸಾಮಾನು ಬರೆಯಿರಿ. ಬೀರು, ಫ್ರಿಜ್, ವಾಷಿಂಗ್ ಮೆಷಿನ್, ಮಂಚ, ಸೋಫಾ, ಗ್ರೈಂಡರ್, ಪುಸ್ತಕದ ರಟ್ಟಿನ ಡಬ್ಬ ಎಷ್ಟು, ಸಜ್ಜದ ಮೇಲಿನ ಪಾತ್ರೆ ಎಷ್ಟು. ಎರಡೂ ಮನೆಯ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಗಾಡಿ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನೂ ಬರೆಯಿರಿ. ಅದರ ಫೋಟೊ ತೆಗೆದು ಚಾಲಕನಿಗೆ ವಾಟ್ಸ್ಆ್ಯಪ್ ಮಾಡಿ, ಗಾಡಿಗೆ ಎಷ್ಟು, ಆಳಿಗೆ ಎಷ್ಟು, ಎಷ್ಟು ಗಂಟೆಯ ಮೇಲೆ ವೇಟಿಂಗ್ ಎಷ್ಟು ಎಂದು ಕೇಳಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ. ಇದು ಅವರಿಗೂ ರಕ್ಷೆ, ನಮಗೂ ರಕ್ಷೆ. ನೋ ಪಾರ್ಕಿಂಗ್ ದಂಡ ಬಿದ್ದರೆ ಯಾರು ಕಟ್ಟುವುದು ಎಂಬುದೂ ಆಗಲೇ ತೀರ್ಮಾನವಾಗಲಿ. ನಿಮ್ಮ ಬಾಗಿಲಲ್ಲಿ, ನಿಮ್ಮ ಸಾಮಾನಿಗಾಗಿ ನಿಂತ ಗಾಡಿ ಅದು. ದಂಡ ನಿಮ್ಮದೇ ಎಂದು ನನ್ನ ಅಭಿಪ್ರಾಯ.

ಏಸ್ ಗಾಡಿಯ ತೊಟ್ಟಿ ಸುಮಾರು ಏಳಡಿ ಉದ್ದದ್ದು. ಡಬಲ್ ಕಾಟ್ ಬಿಚ್ಚದೆ ಅದರಲ್ಲಿ ಕೂರುವುದಿಲ್ಲ. ಎರಡು ಬೆಡ್‌ರೂಮಿನ ತುಂಬಿದ ಮನೆಯಾದರೆ ಎರಡು ಟ್ರಿಪ್ ಅಥವಾ ದೊಡ್ಡ ಗಾಡಿ ಬೇಕೇ ಬೇಕು. "ಇನ್ನೊಂದು ಟ್ರಿಪ್ ಯಾಕೆ, ಇದರಲ್ಲೇ ಒತ್ತಿ ಹಾಕಿ" ಎಂದು ಹಟ ಹಿಡಿಯಬೇಡಿ. ಭಾರ ಮಿತಿ ಮೀರಿದರೂ, ಸಾಮಾನು ಎತ್ತರಕ್ಕೋ ಅಕ್ಕಪಕ್ಕಕ್ಕೋ ಮೀರಿ ಚಾಚಿದರೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಬರೆದಿರುವ ದಂಡ 20,000 ರೂಪಾಯಿ. ನಮ್ಮ ಒಂದು ಟ್ರಿಪ್ಪಿನ ಉಳಿತಾಯಕ್ಕೆ ಅವರ ಒಂದು ತಿಂಗಳ ದುಡಿಮೆಯನ್ನು ಪಣಕ್ಕಿಡುವುದು ಯಾವ ನ್ಯಾಯ?

ಆಳುಗಳು ಹೊಸ ಮನೆಗೆ ಹೇಗೆ ಬರುತ್ತಾರೆ ಎಂದು ಯೋಚಿಸಿ. ಮುಂದೆ ಚಾಲಕನ ಪಕ್ಕ ಒಬ್ಬರಿಗೆ ಜಾಗ. ಅಲ್ಲಿ ಸಾಮಾನ್ಯವಾಗಿ ನಾವೇ ಹತ್ತಿ ಕೂರುತ್ತೇವೆ. ಉಳಿದವರು ಹಿಂದೆ ಸಾಮಾನಿನ ಮೇಲೆ, ಹಗ್ಗ ಹಿಡಿದುಕೊಂಡು. ಸರಕು ಗಾಡಿಯಲ್ಲಿ ಸರಕಿನ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ವಿಮೆಯ ಆಸರೆ ಸಿಕ್ಕಿದ್ದೇ ಅದೇ ಕಾಯ್ದೆಯ 1994ರ ತಿದ್ದುಪಡಿಯಿಂದ. ಸುಮ್ಮನೆ ಹತ್ತಿಸಿಕೊಂಡವರಿಗೆ ಅದು ಸಿಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2002ರಲ್ಲೇ ಸ್ಪಷ್ಟಪಡಿಸಿದೆ. ಮನೆಯ ಮಕ್ಕಳನ್ನು, ನೆಂಟರ ಹುಡುಗರನ್ನು ಮೋಜಿಗೆಂದು ಹಾಸಿಗೆಯ ಮೇಲೆ ಕೂರಿಸಿ ಕಳಿಸುವವರು ಇದನ್ನು ಎರಡು ಸಲ ಓದಿ. ಆಳುಗಳಿಗೆ ಆಟೊ ಮಾಡಿಕೊಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ಮೀಟರು ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅಷ್ಟು ಹಣ ನಮ್ಮ ಖರ್ಚಿನ ಪಟ್ಟಿಯಲ್ಲಿ ಇರಲೇಬೇಕು.

ಊಟದ ಹೊತ್ತು ದಾಟಿದರೆ ಊಟ ಕೊಡಿಸಿ, ಕೂಲಿಯಲ್ಲಿ ಮುರಿದುಕೊಳ್ಳಬೇಡಿ. ಕುಡಿಯುವ ನೀರಿನ ಕ್ಯಾನನ್ನು ಕೊನೆಯಲ್ಲಿ ಗಾಡಿಗೇರಿಸಿ, ಮೊದಲು ಇಳಿಸಿ. ಅಪಾರ್ಟ್‌ಮೆಂಟಿಗೆ ಹೋಗುವವರು ಹಿಂದಿನ ದಿನವೇ ಅಸೋಸಿಯೇಷನ್ನಿನವರನ್ನು ಕಂಡು, ಗಾಡಿ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಸರ್ವಿಸ್ ಲಿಫ್ಟ್ ಯಾವುದು, ಆಳುಗಳು ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಶೌಚಾಲಯ ಇಲ್ಲವೆಂದರೆ ನಿಮ್ಮ ಮನೆಯದನ್ನು ತೆರೆದುಕೊಡಿ. ಆರು ಗಂಟೆ ನಿಮ್ಮ ಮನೆಯ ಭಾರ ಹೊತ್ತವರು ರಸ್ತೆ ಬದಿಯ ಗೋಡೆ ಹುಡುಕಿಕೊಂಡು ಹೋಗಬಾರದು. ವಾಷಿಂಗ್ ಮೆಷಿನ್ ತಂದಾಗ ಅದರ ಹಿಂಬದಿಯಿಂದ ಬಿಚ್ಚಿಟ್ಟ ಉದ್ದದ ಬೋಲ್ಟುಗಳನ್ನು ಹುಡುಕಿ ಮತ್ತೆ ಹಾಕಿಸಿ. ಅವಿಲ್ಲದೆ ಸಾಗಿಸಿದರೆ ಒಳಗಿನ ಡ್ರಮ್ಮು ಕುಲುಕಿ ಕೆಡುತ್ತದೆ, ತಪ್ಪು ಮಾತ್ರ ಆಳುಗಳ ತಲೆಗೆ ಬರುತ್ತದೆ. ಚಿನ್ನ, ಕಾಗದಪತ್ರ, ಮಾತ್ರೆ ನಿಮ್ಮ ಕೈಚೀಲದಲ್ಲೇ ಇರಲಿ. ಕಳೆದ ಮೇಲೆ ಅನುಮಾನಪಡುವುದಕ್ಕಿಂತ ಮೊದಲೇ ಜೋಪಾನ ಮಾಡುವುದು ಮರ್ಯಾದೆ.

ಸಾಧ್ಯವಿದ್ದವರು ತಿಂಗಳ ಕೊನೆಯ ಭಾನುವಾರ ಬಿಟ್ಟು ವಾರದ ನಡುವಿನ ದಿನ ನೋಡಿ. ಹಾಲುಕ್ಕಿಸುವುದನ್ನು ಒಳ್ಳೆಯ ಮುಹೂರ್ತದಲ್ಲಿ ಮಾಡಿ, ಸಾಮಾನನ್ನು ಎರಡು ದಿನ ಬಿಟ್ಟು ಸಾಗಿಸಬಹುದು. ನಮ್ಮ ಅತ್ತೆಯವರ ಕಾಲದಿಂದಲೂ ಹಾಗೆ ಮಾಡುವ ಮನೆಗಳಿವೆ. ಬಾಡಿಗೆ ನ್ಯಾಯವಾಗಿ ಕಡಿಮೆ ಸಿಗುವ ದಾರಿ ಇದು. ಗಾಡಿಯವರಿಗೂ ಖಾಲಿ ದಿನವೊಂದು ತುಂಬುತ್ತದೆ.

ಕೊನೆಯದಾಗಿ, ನಾವೆಲ್ಲ ಸೇರಿ ಸರ್ಕಾರವನ್ನು ಕೇಳಬೇಕಾದ ಒಂದು ವಿಷಯವಿದೆ. ಆಟೊದಲ್ಲಿ ಕೂತರೆ ಕಾಯುವುದಕ್ಕೂ ದರ ಇದೆ, ಮೊದಲ ಐದು ನಿಮಿಷ ಬಿಟ್ಟು ಪ್ರತಿ ಹದಿನೈದು ನಿಮಿಷಕ್ಕೆ 10 ರೂಪಾಯಿ. ನಮ್ಮ ಮನೆ ಸಾಮಾನು ಹೊತ್ತು ಗಂಟೆಗಟ್ಟಲೆ ಕಾಯುವ ಗಾಡಿಯಲ್ಲಿ ಮೀಟರಿಲ್ಲ. ಸರಕು ವಾಹನಗಳ ಸಾಗಣೆ ದರ ನಿಗದಿ ಮಾಡಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನಡಿ ರಾಜ್ಯ ಸರ್ಕಾರಕ್ಕಿದೆ. ಮನೆ ಸಾಮಾನು ಸಾಗಿಸುವ ಸಣ್ಣ ಗಾಡಿಗಳಿಗೆ ಗಂಟೆಯ ಕನಿಷ್ಠ ದರ, ಕಾಯುವ ದರ, ಮಹಡಿಗೆ ತಕ್ಕ ಆಳಿನ ಕೂಲಿ, ಇಷ್ಟನ್ನು ಬರೆದ ಒಂದು ಪಟ್ಟಿಯನ್ನು ಸಾರಿಗೆ ಇಲಾಖೆ ಮತ್ತು ಕಾರ್ಮಿಕ ಇಲಾಖೆ ಕೂಡಿ ಹೊರಡಿಸಲಿ, ಅದನ್ನು ಪ್ರತಿ ಸ್ಟ್ಯಾಂಡಿನಲ್ಲೂ ಬೋರ್ಡು ಮಾಡಿ ಹಾಕಲಿ ಎಂದು ನಾನು ಸಾರಿಗೆ ಆಯುಕ್ತರಿಗೆ ಅರ್ಜಿ ಬರೆದಿದ್ದೇನೆ. ಒಬ್ಬಳ ಅರ್ಜಿಗೆ ತೂಕ ಕಡಿಮೆ. ಬಾಡಿಗೆ ಕೊಡುವವರಾದ ನಾವೇ ಈ ದರ ಬೇಕೆಂದು ಕೇಳಿದರೆ ಇಲಾಖೆಯವರು ಕಿವಿಗೊಡುತ್ತಾರೆಂಬ ನಂಬಿಕೆ ನನ್ನದು. ನೀವೂ ಒಂದು ಕಾಗದ ಬರೆಯಿರಿ. ನಿಮ್ಮ ಬೀದಿಯ ಗಾಡಿಯವರನ್ನು ಕೇಳಿ, ಅವರ ಒಂದು ದಿನದ ಲೆಕ್ಕವನ್ನು ಅದರ ಜೊತೆ ಲಗತ್ತಿಸಿ ಕಳಿಸಿ.



ಇತಿ ನಿಮ್ಮ ವಿಶ್ವಾಸಿ,
ಲಗ್ಗೆರೆಯ ಒಬ್ಬ ಬಾಡಿಗೆದಾರಳು
ಬೆಂಗಳೂರು